ಚಿಕ್ಕತ್ತೆ ಬಂದು ಕೂತಿದ್ದಾಳೆ

ಆ ಹೆಸರು ಬಿದ್ದದ್ದು ಅಕ್ಕನ ಬಾಯಿಂದ. ತಂಗಿ ಕ್ಯಾನ್ಸರ್ ಸಂಶೋಧನೆಯ ಪ್ರಯೋಗಾಲಯಕ್ಕೆ ಸೇರಿದ ಹೊಸತು. ದಿನವಿಡೀ ಅಲ್ಲಿ ಕೂತು ಏನು ಮಾಡ್ತೀಯೇ ಎಂದು ಅಕ್ಕ ಕೇಳಿದ್ದಳು. ತಂಗಿಗೆ ಮಾತು ಸುಲಭವಲ್ಲ. ಹೇಳುವ ಮೊದಲು ಮನಸ್ಸಿನಲ್ಲೇ ಹತ್ತು ಸಲ ಹೊರಳಿಸಿ, ಕೊನೆಗೆ ಹೇಳದೆಯೇ ಬಿಡುವ ಜಾಯಮಾನ. ಅಂದು ಮಾತ್ರ ಹೇಳಿದ್ದಳು. ಮೈಯೊಳಗಿನ ಪ್ರತಿ ಜೀವಕೋಶಕ್ಕೂ ಸಾಯುವುದು ಗೊತ್ತಿರುತ್ತದೆ. ಹಳತಾದರೆ, ಕೆಟ್ಟರೆ, ಒಳಗಿನ ಒಂದು ಪ್ರೋಟೀನು ಎದ್ದು ಹೋಗಿ ಸಾವಿಗೆ ಬಾಗಿಲು ತೆಗೆಯುತ್ತದೆ. ಕೋಶ ಗಲಾಟೆಯಿಲ್ಲದೆ ಕುಗ್ಗಿ ಚೂರಾಗುತ್ತದೆ. ಅಕ್ಕಪಕ್ಕದವು ಅದನ್ನು ಗುಡಿಸಿ ಹಾಕುತ್ತವೆ. ಹಾಗೆ ಬಾಗಿಲು ತೆಗೆಯಲು ಹೊರಟವಳ ಕೈ ಹಿಡಿದು ಕೂರಿಸುವ ಇನ್ನೊಂದು ಪ್ರೋಟೀನು ಇದೆ. ಕೆಲವು ಕ್ಯಾನ್ಸರುಗಳಲ್ಲಿ ಅದರದ್ದೇ ದರ್ಬಾರು. ಹಿಡಿದ ಕೈ ಬಿಡುವುದಿಲ್ಲ, ಸಾಯಬೇಕಾದ ಕೋಶ ಸಾಯುವುದಿಲ್ಲ.

"ಬಾಗಿಲು ತೆಗೆಯೋಕೆ ಬಿಡದೆ ಕೈ ಹಿಡ್ಕೊಂಡು ಕೂರೋಳು," ಎಂದು ಅಕ್ಕ ಸ್ವಲ್ಪ ಯೋಚಿಸಿದಳು. ಆಮೇಲೆ ದನಿ ತಗ್ಗಿಸಿ, "ಅಂದ್ರೆ ನಮ್ಮ ಅತ್ತೆ ಅನ್ನು," ಎಂದಳು.

ಅಕ್ಕನಿಗೆ ಆಗ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ. ನೀರು ಸರಬರಾಜು ಕಚೇರಿಯಲ್ಲಿ ದೂರು ಕೇಳುವ ಕೆಲಸ. ನಲ್ಲಿಯಲ್ಲಿ ನೀರು ಬಾರದ ಊರವರೆಲ್ಲ ಬೈಯುವುದು ಅವಳನ್ನೇ. ಸಂಜೆಯ ಪಾಳಿ ಮುಗಿಸಿ ಬರುವ ಹೊತ್ತಿಗೆ ಅತ್ತೆ ಬಾಗಿಲಿಗೆ ಚಿಲಕ ಹಾಕಿರುತ್ತಿದ್ದರು. ಚಿಲಕದ ಪಕ್ಕದಲ್ಲೇ ಒಂದು ಮುಕ್ಕಾಲಿ ಹಾಕಿಕೊಂಡು ಕೂತಿರುತ್ತಿದ್ದರು. ಬಾಗಿಲು ತಟ್ಟಿದರೆ ತೆಗೆಯುತ್ತಿದ್ದರು, ಒಂದು ಮಾತೂ ಆಡುತ್ತಿರಲಿಲ್ಲ. "ಬೈದ್ರಾದ್ರೂ ಪರವಾಗಿಲ್ಲ ಕಣೇ," ಎನ್ನುತ್ತಿದ್ದಳು ಅಕ್ಕ. "ದಿನಾ ನೂರು ಜನ ಬೈತಾರೆ, ಅಭ್ಯಾಸ ಇದೆ. ಇವರು ಸುಮ್ಮನಿರ್ತಾರಲ್ಲ, ಅದಕ್ಕೆ ಏನು ಉತ್ತರ ಕೊಡ್ಲಿ?"

ತಂಗಿ ಆ ಹೆಸರನ್ನು ಪ್ರಯೋಗಾಲಯದಲ್ಲಿ ಒಮ್ಮೆ ಬಾಯಿತಪ್ಪಿ ಹೇಳಿದ್ದೇ ತಡ, ಎಲ್ಲರ ನಾಲಿಗೆಯ ಮೇಲೂ ಅದು ಕೂತುಬಿಟ್ಟಿತು. ಆ ಪ್ರೋಟೀನಿಗೆ ಪುಸ್ತಕದಲ್ಲಿ ಇರುವುದು ಅಕ್ಷರವೂ ಅಂಕಿಯೂ ಕಲಸಿದ ಹೆಸರು. ಅದನ್ನು ಯಾರು ನೆನಪಿಟ್ಟುಕೊಳ್ಳಬೇಕು? ಇದೇ ಕೈ ಹಿಡಿಯುವ ಕೆಲಸ ಮಾಡುವ, ಅದೇ ಮನೆತನದ ಇನ್ನೊಂದು ಪ್ರೋಟೀನೂ ಇತ್ತು. ಔಷಧಿ ಕೊಟ್ಟು ಅತ್ತೆಯ ಕೈ ಬಿಡಿಸಿದರೆ, ಕೆಲವು ಕೋಶಗಳು ಇದನ್ನು ಹೆಚ್ಚು ಹೆಚ್ಚು ತಯಾರಿಸಿಕೊಂಡು ಬದುಕಿ ಉಳಿಯುತ್ತಿದ್ದವು. ಮದ್ದಿಗೆ ಬಗ್ಗದ ಕೋಶಗಳೆಂದರೆ ಅವೇ. ಅದಕ್ಕೆ ಚಿಕ್ಕತ್ತೆ ಎಂಬ ಹೆಸರು ತಾನಾಗಿಯೇ ಬಂತು. ಸೀಸೆಗಳ ಮೇಲೆ 'ಅ' ಎಂದೂ 'ಚಿ' ಎಂದೂ ಬರೆಯುವುದು ರೂಢಿಯಾಯಿತು.

ಹೋದ ವರ್ಷ ಅಕ್ಕನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ, ಡಾಕ್ಟರು ಬರೆದುಕೊಟ್ಟ ಮಾತ್ರೆಯ ಹೆಸರನ್ನು ತಂಗಿ ಎರಡೆರಡು ಸಲ ಓದಿದಳು. ದಿನವೂ ತಾನು ಸೀಸೆಯೊಳಗಿನ ಕೋಶಗಳಿಗೆ ಹಾಕುತ್ತಿದ್ದ ಅದೇ ಮದ್ದು.

"ಇದು ಏನು ಮಾಡುತ್ತೆ?" ಎಂದು ಅಕ್ಕ ಕೇಳಿದಳು.

"ಅತ್ತೆಯ ಕೈ ಬಿಡಿಸುತ್ತೆ."

ಅಕ್ಕ ಆ ಸ್ಥಿತಿಯಲ್ಲೂ ನಕ್ಕಳು. ಅಂದಿನಿಂದ ಅವರಿಬ್ಬರ ನಡುವೆ ರೋಗದ ಮಾತೆಲ್ಲ ಆ ಭಾಷೆಯಲ್ಲೇ ನಡೆಯಿತು. ಕ್ಯಾನ್ಸರ್ ಎಂಬ ಪದವನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಭಾವ ಸರಕು ರೈಲಿನ ಚಾಲಕ, ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಉಳಿಯುವವರು ಅತ್ತೆ ಸೊಸೆ ಇಬ್ಬರೇ. ಆ ಮಾತ್ರೆಯನ್ನು ದಿನವೂ ಬೆಳಿಗ್ಗೆ ತಿಂಡಿಯಾದ ಮೇಲೆ ಅಂಗೈಯಲ್ಲಿಟ್ಟು ನೀರು ಕೊಡುತ್ತಿದ್ದವರು ಅತ್ತೆ. ಆಸ್ಪತ್ರೆಯ ಬೆಂಚಿನ ಮೇಲೆ ಸರದಿ ಬರುವವರೆಗೆ ಸೊಸೆಯ ಕೈ ಹಿಡಿದು ಕೂರುತ್ತಿದ್ದವರೂ ಅತ್ತೆಯೇ. ಅಲ್ಲೂ ಮಾತಿಲ್ಲ. ಮೊದಮೊದಲು ಅಕ್ಕ ಇದನ್ನೂ ತಮಾಷೆ ಮಾಡಿ ಹೇಳುತ್ತಿದ್ದಳು. ಆಮೇಲಾಮೇಲೆ ಹೇಳುವುದನ್ನು ಬಿಟ್ಟಳು.

ಮಾತ್ರೆ ಚೆನ್ನಾಗಿಯೇ ಕೆಲಸ ಮಾಡಿತು. ಅಕ್ಕನ ಮುಖಕ್ಕೆ ರಕ್ತ ಬಂತು, ಮತ್ತೆ ಕಚೇರಿಗೆ ಹೋಗುವ ಮಾತಾಡಿದಳು. ಅತ್ತೆಗೆ ಮಂಡಿನೋವು ಹೆಚ್ಚಾಯಿತೆಂದು ಅವರ ತಂಗಿ ಬಂದು ಅಡುಗೆಮನೆಯ ಉಸ್ತುವಾರಿ ವಹಿಸಿಕೊಂಡರು. ಚಿತ್ರಮಂದಿರವೊಂದರಲ್ಲಿ ಟಿಕೆಟಿನ ಕಿಟಕಿಯ ಹಿಂದೆ ಕೂತು ನಿವೃತ್ತರಾದವರು. ಅತ್ತೆ ಜೀವಮಾನದಲ್ಲಿ ಆಡದೆ ಉಳಿಸಿದ ಮಾತನ್ನೆಲ್ಲ ಈ ತಂಗಿಯೇ ಆಡಿ ಮುಗಿಸಿದಂತಿತ್ತು. ಅಕ್ಕನಿಗೆ ಅವರು ವರಸೆಯಲ್ಲಿ ಚಿಕ್ಕತ್ತೆ. ಅವರು ಬಂದ ಕೆಲವೇ ವಾರಗಳಲ್ಲಿ ಅಕ್ಕನಿಗೆ ಮತ್ತೆ ಜ್ವರ ಶುರುವಾಯಿತು.

ಡಾಕ್ಟರು ರಕ್ತದ ವರದಿಯನ್ನು ತಂಗಿಗೆ ವಿವರಿಸಿದರು. ವಿವರಿಸುವ ಅಗತ್ಯವಿರಲಿಲ್ಲ. ಕೆಟ್ಟ ಕೋಶಗಳು ಮರಳಿದ್ದವು. ಅವುಗಳಲ್ಲಿ ಎರಡನೆಯ ಪ್ರೋಟೀನು ತುಂಬಿಕೊಂಡಿತ್ತು. ಪ್ರಯೋಗಾಲಯದಲ್ಲಿ ಇಂಥದ್ದನ್ನು ಅವಳು ತಿಂಗಳಿಗೊಮ್ಮೆ ನೋಡುತ್ತಿದ್ದಳು. ಪ್ರೋಟೀನು ಅಳೆಯುವ ಬಿಳಿಯ ಹಾಳೆಯ ಮೇಲೆ ಅತ್ತೆಯ ಕಪ್ಪು ಗೆರೆ ಇದ್ದಂತೆಯೇ ಇರುತ್ತದೆ, ಅದರ ಕೆಳಗೆ ಚಿಕ್ಕತ್ತೆಯ ಗೆರೆ ದಪ್ಪವಾಗುತ್ತ ಹೋಗುತ್ತದೆ. ನೋಡಿದಾಗಲೆಲ್ಲ, ಪ್ರಯೋಗ ಸರಿಯಾಗಿ ಬಂತು ಎಂದು ಖುಷಿಪಟ್ಟವಳು ತಾನೇ ಎಂಬುದು ನೆನಪಾಗಿ ಅವಳು ವರದಿಯನ್ನು ಮಡಚಿಟ್ಟಳು.

ಇನ್ನುಳಿದ ದಾರಿ ಒಂದು, ಎಂದರು ಡಾಕ್ಟರು. ಸೋಮವಾರ ಆಸ್ಪತ್ರೆಗೆ ಸೇರಿಸಿ ಎರಡು ಮದ್ದನ್ನು ಒಟ್ಟಿಗೆ ಕೊಡುವುದು. ಫಲಿಸಬಹುದು, ಫಲಿಸದೆಯೂ ಇರಬಹುದು. ತಡಮಾಡಿದರೆ ಅದೂ ಇಲ್ಲ.

ತಂಗಿ ಪ್ರಯೋಗಾಲಯದ ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನು ಮಾಡಿದಳು. ಅಕ್ಕನ ಕೈ ಸೂಜಿ ಚುಚ್ಚಿ ಬಾತುಕೊಂಡಿತ್ತು. ಫೋನನ್ನು ಹಾಸಿಗೆಯ ಮೇಲಿಟ್ಟು, ದನಿ ಹೊರಗೆ ಕೇಳುವಂತೆ ಮಾಡಿಕೊಂಡು ಮಾತಾಡುತ್ತಿದ್ದಳು.

"ಹೇಳು, ಅತ್ತೆ ಸಮಾಚಾರ ಏನು?"

"ಅತ್ತೆ ಕೈಯನ್ನ ಏನೋ ಬಿಡಿಸಿ ಆಯ್ತು ಅಕ್ಕ. ಈಗ ಚಿಕ್ಕತ್ತೆ ಬಂದು ಕೂತಿದ್ದಾಳೆ."

"ಅದಕ್ಕೇ ಜ್ವರ."

"ಹೂಂ. ಇಬ್ಬರೂ ಇರೋವರೆಗೂ ನೀನು ಗುಣ ಆಗಲ್ಲ. ಇಬ್ಬರನ್ನೂ ಒಟ್ಟಿಗೇ ಓಡಿಸಬೇಕು."

"ಹೋಗ್ತಾರಾ?"

"ನೋಡೋಣ. ಹಠಮಾರಿಗಳು."

ಇಷ್ಟೇ ಮಾತು. ಮರುದಿನ ಬೆಳಿಗ್ಗೆ ಅತ್ತೆ ಎರಡು ಸೀರೆಯನ್ನು ಚೀಲಕ್ಕೆ ತುರುಕಿಕೊಂಡು, ಅಂದಿನ ಮಾತ್ರೆಯನ್ನೂ ನೀರನ್ನೂ ಸೊಸೆಯ ತಲೆದಿಂಬಿನ ಪಕ್ಕದಲ್ಲಿಟ್ಟು, "ಒಂದಷ್ಟು ದಿನ ನನ್ನ ತಂಗಿ ಮನೇಲಿ ಇದ್ದು ಬರ್ತೀನಿ," ಎಂದು ಹೇಳಿ ಹೊರಟುಬಿಟ್ಟರು. ಚಿಕ್ಕತ್ತೆ ಅವರ ಹಿಂದೆಯೇ ಹೋದರು. ಅಷ್ಟು ಮಾತಿನ ಹೆಂಗಸು ಅಂದು ತುಟಿ ಬಿಚ್ಚಲಿಲ್ಲವಂತೆ.

ಮಧ್ಯಾಹ್ನ ತಂಗಿ ಬಂದಾಗ ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಭಾವನಿಗೆ ರಜೆ ಸಿಕ್ಕಿರಲಿಲ್ಲ. ಮುಂಬಾಗಿಲು ತೆರೆದೇ ಇತ್ತು. ಚಿಲಕ ಹಾಕುವವರಿಲ್ಲದೆ ಗಾಳಿಗೆ ಅದು ಬಡಿದುಕೊಳ್ಳುತ್ತಿತ್ತು.

"ಜಗಳ ಏನಾದ್ರೂ ಆಯ್ತಾ?"

"ಜಗಳ ಆಡೋಕೆ ಅವರಿಗೆ ಬಾಯಿ ಎಲ್ಲಿದೆ," ಎಂದಳು ಅಕ್ಕ. "ಸಾಕಾಗಿರುತ್ತೆ ಕಣೇ. ಎಷ್ಟು ದಿನ ಅಂತ ಮಾಡ್ತಾರೆ? ಹೆತ್ತ ಮಗಳಾ ನಾನು?"

"ಸೋಮವಾರ ಹೇಗೂ..."

"ಸೋಮವಾರ ನಾನು ಬರಲ್ಲ."

"ಅಕ್ಕ."

"ಬರಲ್ಲ ಅಂದೆನಲ್ಲ. ಫಲಿಸಿದ್ರೆ ಫಲಿಸೀತು ಅನ್ನೋ ಮದ್ದು ತಾನೇ ಅದು? ಅವರಿಗೇ ಬೇಡವಾದ ಮೇಲೆ ಇದನ್ನ ಎಳೆದಾಡಿ ಏನು ಮಾಡ್ಲಿ?" ಗೋಡೆಯ ಕಡೆಗೇ ಹೇಳುವಂತೆ, "ಆ ಬೆಂಚಿನ ಮೇಲೆ ಒಬ್ಬಳೇ ಕೂರೋಕೆ ನನ್ನಿಂದ ಆಗಲ್ಲ," ಎಂದಳು.

"ನಾನಿದೀನಲ್ಲ."

"ನೀನು ಕೂತ್ರೆ ನನ್ನ ರಕ್ತದ ಲೆಕ್ಕ ಹಾಕ್ತಿರ್ತೀಯ. ಅವರು ಸುಮ್ಮನೆ ಕೂರ್ತಾರೆ."

ಅದು ನಿಜವಾಗಿತ್ತು.

ಮಾರನೆಯ ದಿನ ಪ್ರಯೋಗಾಲಯದಲ್ಲಿ ಫ್ರಿಜ್ಜು ಕೆಟ್ಟು, ರಿಪೇರಿಯವನು ಅದರ ಹಿಂದೆ ಮಂಡಿಯೂರಿ ಕೂತಿದ್ದ. ತಂಗಿ ಮೈಕ್ರೋಸ್ಕೋಪಿನ ಮುಂದಿದ್ದಳು. ಕಣ್ಣೆದುರು ಅತ್ತೆಯ ಮದ್ದು ಕುಡಿದ ಕೋಶಗಳು. ಒಂದು ಸೀಸೆಯಲ್ಲಿ ಅವು ಕುಗ್ಗಿ, ಮೈತುಂಬ ಗುಳ್ಳೆಯೆದ್ದು, ಮಣಿಗಳಾಗಿ ಉದುರುತ್ತಿದ್ದವು. ಇನ್ನೊಂದರಲ್ಲಿ ಅದೇ ಮದ್ದು, ಅಷ್ಟೇ ಮದ್ದು. ಅವು ದುಂಡಗೆ, ಹೊಳೆಯುತ್ತ, ಏನೂ ಆಗದವರಂತೆ ತೇಲುತ್ತಿದ್ದವು.

"ಹೇಗಿದೆ?" ಎಂದು ಆಚೆ ಮೇಜಿನಿಂದ ಅವಳ ಜೊತೆಗಾರ್ತಿ ಕೇಳಿದಳು. ಕನ್ನಡಕವನ್ನು ಸದಾ ತಲೆಯ ಮೇಲಿಟ್ಟುಕೊಂಡು ಹುಡುಕುವವಳು. ಎಲ್ಲರೂ ಅವಳನ್ನು ಕರೆಯುವುದು ಕನ್ನಡಕಮ್ಮ ಎಂದೇ.

"ಅತ್ತೆ ಹೋಗಿದ್ದಾಳೆ. ಚಿಕ್ಕತ್ತೆ ಅಲ್ಲಾಡ್ತಿಲ್ಲ."

"ಅವಳಿಗೆ ಊಟ ನಿಲ್ಲಿಸಿ ನೋಡಿದ್ಯಾ?"

"ನಿಲ್ಲಿಸಿದೆ. ಸಾಯ್ತಾ ಇಲ್ಲ."

"ಹಾಗಾದ್ರೆ ಇಬ್ಬರಿಗೂ ಒಟ್ಟಿಗೇ ವಿಷ ಹಾಕು."

ಫ್ರಿಜ್ಜಿನ ಹಿಂದಿನಿಂದ ಸ್ಪಾನರು ನೆಲಕ್ಕೆ ಬಿದ್ದ ಸದ್ದಾಯಿತು. ರಿಪೇರಿಯವನು ತಲೆ ಹೊರಗೆ ಹಾಕಿ ಇಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದ. "ಮೇಡಂ, ತಪ್ಪು ತಿಳೀಬೇಡಿ," ಎಂದ. "ಹಿರಿಯರು, ಏನೋ ಒಂದು ಮಾತು ಹೆಚ್ಚುಕಡಿಮೆ ಆಡಿರ್ತಾರೆ. ಅದಕ್ಕೆ ವಿಷದವರೆಗೂ ಹೋಗೋದಾ?"

ಕನ್ನಡಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನಿಗೆ ಬಿಡಿಸಿ ಹೇಳಲು ಅವಳಿಗೆ ಉಸಿರೇ ಸಾಲಲಿಲ್ಲ. ತಂಗಿ ನಗಲಿಲ್ಲ. ಮೆಟ್ಟಿಲ ಮೇಲೆ ಕೂತು ಆಡಿದ ಫೋನಿನ ಮಾತು ಒಂದೊಂದಾಗಿ ಅವಳ ಕಿವಿಗೆ ವಾಪಸು ಬರುತ್ತಿತ್ತು. ಹಾಸಿಗೆಯ ಮೇಲಿಟ್ಟ ಫೋನು. ಅಕ್ಕನ ಕೋಣೆಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದು ಪರದೆ. ಚಿಕ್ಕತ್ತೆ ಬಂದು ಕೂತಿದ್ದಾಳೆ. ಇಬ್ಬರೂ ಇರೋವರೆಗೂ ನೀನು ಗುಣ ಆಗಲ್ಲ.

ಅವಳು ಕೈಗವಸು ಕಳಚಿಟ್ಟು ಹೊರಟಳು.

ಚಿಕ್ಕತ್ತೆಯ ಮನೆ ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯೊಂದರ ಮೇಲೆ, ಕಡಿದಾದ ಮರದ ಮೆಟ್ಟಿಲು ಹತ್ತಿ ಹೋಗಬೇಕಾದ ಒಂದೂವರೆ ಕೋಣೆ. ಬಾಗಿಲು ತೆಗೆದವರು ಚಿಕ್ಕತ್ತೆ. ಮುಖ ನೋಡಿಯೂ ನೋಡದವರಂತೆ ದಾರಿ ಬಿಟ್ಟರು. "ಬಾ. ಓಡಿಸೋಕೆ ಇಲ್ಲಿಗೂ ಬಂದ್ಯಾ? ಇದು ನನ್ನ ಸ್ವಂತ ಮನೆ, ಇಲ್ಲಿಂದ ಮಾತ್ರ ಓಡಲ್ಲ."

ಅತ್ತೆ ಕಿಟಕಿಯ ಹತ್ತಿರ ಕೂತಿದ್ದರು. ಎದ್ದು ಬರಲಿಲ್ಲ, ಮುಖ ತಿರುಗಿಸಲೂ ಇಲ್ಲ. ಪಕ್ಕದ ಖಾಲಿ ಕುರ್ಚಿಯನ್ನು ಕೈಯಿಂದ ತೋರಿಸಿದರು.

ತಂಗಿ ಕೂತಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಕೈಕೊಟ್ಟಿತು. ಕೆಳಗಿನಿಂದ ಇಸ್ತ್ರಿಯ ಆವಿಯ ವಾಸನೆ ಬರುತ್ತಿತ್ತು. ಇಬ್ಬರೂ ಮಾತು ಬಾರದವರು. ಹೀಗೆ ಕೂತರೆ ಸಂಜೆಯಾದರೂ ಆದೀತು ಅನ್ನಿಸಿತು. ಸೋಮವಾರಕ್ಕೆ ಎರಡೇ ದಿನ ಉಳಿದಿತ್ತು.

"ಅತ್ತೆ," ಎಂದಳು ಕೊನೆಗೆ. "ನಾನು ಅವತ್ತು ಫೋನಲ್ಲಿ ಹೇಳಿದ್ದು ನಿಮ್ಮನ್ನಲ್ಲ. ಅತ್ತೆ ಅನ್ನೋದು ಒಂದು ಪ್ರೋಟೀನಿನ ಹೆಸರು."

"ಯಾವ ಪ್ರೋಟೀನು?" ಎಂದರು ಚಿಕ್ಕತ್ತೆ ಬಾಗಿಲ ಬಳಿಯಿಂದ. "ಮೊಟ್ಟೆಯಲ್ಲಿ ಇರುತ್ತಲ್ಲ, ಅದಾ? ಅದಕ್ಕೆ ಅತ್ತೆ ಅಂತ ಹೆಸರಿಡ್ತಾರಾ ಯಾರಾದ್ರೂ?"

"ನಾವು ಇಟ್ಟಿದ್ವಿ. ಬಹಳ ಹಿಂದೆ. ತಮಾಷೆಗೆ."

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಅಷ್ಟು ಮಾತನ್ನು ಅವಳು ಒಂದೇ ಉಸಿರಿಗೆ ಯಾರೆದುರೂ ಆಡಿರಲಿಲ್ಲ. ಬಾಗಿಲು ತೆಗೆಯುವವಳನ್ನೂ ಅವಳ ಕೈ ಹಿಡಿಯುವವಳನ್ನೂ ಹೇಳಿದಳು. ಕೈ ಬಿಡಿಸುವ ಮಾತ್ರೆಯನ್ನೂ, ಅಕ್ಕನ ರಕ್ತದಲ್ಲಿ ಈಗ ತುಂಬಿಕೊಂಡಿರುವ ಎರಡನೆಯವಳನ್ನೂ ಹೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು ನಿಮ್ಮದು ಎಂಬ ಗಾದೆ ನಾಲಿಗೆಯ ತುದಿಯವರೆಗೆ ಬಂದು, ಅಲ್ಲೇ ನಿಂತಿತು. ಇಲ್ಲಿ ಕುಂಬಳಕಾಯಿ ಕದ್ದವರು ತಾನೂ ಅಕ್ಕನೂ.

ಅತ್ತೆ ಕಿಟಕಿಯ ಆಚೆಗೆ ನೋಡುತ್ತಲೇ ಕೇಳಿಸಿಕೊಂಡರು. ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿದರು. "ಯಾಕೆ ಹಿಡೀತಾಳೆ?"

"ಏನು?"

"ಆ ಅತ್ತೆ. ಸುಮ್ಮಸುಮ್ಮನೆ ಯಾಕೆ ಕೈ ಹಿಡೀತಾಳೆ?"

ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ತಂಗಿ ನಿಧಾನವಾಗಿ ಹೇಳಿದಳು. "ಅವಳಿರೋದೇ ಕಾಪಾಡೋಕೆ ಅತ್ತೆ. ಒಳ್ಳೇ ಕೋಶದಲ್ಲೂ ಇರ್ತಾಳೆ. ಸಣ್ಣಪುಟ್ಟ ಪೆಟ್ಟಿಗೆಲ್ಲ ಕೋಶ ಸಾಯಬಾರದಲ್ಲ, ಅದಕ್ಕೆ. ನಿಮ್ಮ ಮೈಯಲ್ಲಿ, ನನ್ನ ಮೈಯಲ್ಲಿ ಈಗಲೂ ಹಿಡ್ಕೊಂಡೇ ಇದ್ದಾಳೆ. ಕೋಶ ಕೆಟ್ಟಿದೆ ಅನ್ನೋದು ಅವಳಿಗೆ ತಿಳಿಯಲ್ಲ. ಅವಳು ಮೊದಲಿಂದ ಮಾಡ್ತಿದ್ದ ಕೆಲಸಾನೇ ಮಾಡ್ತಾಳೆ."

"ಎರಡನೆಯವಳು?" ಎಂದರು ಚಿಕ್ಕತ್ತೆ. ಅವರು ಈಗ ಹತ್ತಿರ ಬಂದು ನೆಲದ ಮೇಲೆ ಕೂತಿದ್ದರು.

"ಅವಳ ವಿಷಯದಲ್ಲಿ ಇನ್ನೂ ಕಷ್ಟ. ಪೂರ್ತಿ ಓಡಿಸೋ ಹಾಗಿಲ್ಲ. ಅವಳು ಇಲ್ಲದೆ ಹೃದಯ ನಡೆಯಲ್ಲ. ಸ್ವಲ್ಪ ತಗ್ಗಿಸಬೇಕು, ಅಷ್ಟೇ. ಅದಕ್ಕೇ ಆಸ್ಪತ್ರೆಯಲ್ಲೇ ಇಟ್ಕೊಂಡು ಕೊಡ್ತಾರೆ."

ಚಿಕ್ಕತ್ತೆ ಅತ್ತೆಯ ಮಂಡಿಯನ್ನು ತಟ್ಟಿದರು. "ಕೇಳಿಸ್ಕೊಂಡ್ಯಾ ಅಕ್ಕಯ್ಯ? ನಾನಿಲ್ಲದೆ ಹೃದಯಾನೇ ನಡೆಯಲ್ಲವಂತೆ. ಸ್ವಲ್ಪ ತಗ್ಗಿಸಿದ್ರೆ ಸಾಕಂತೆ."

"ಅದನ್ನ ನಾನು ಐವತ್ತು ವರ್ಷದಿಂದ ಹೇಳ್ತಿದೀನಿ," ಎಂದರು ಅತ್ತೆ.

ಅವರು ತಮಾಷೆ ಮಾಡಿದ್ದನ್ನು ತಂಗಿ ಕೇಳಿದ್ದು ಅದೇ ಮೊದಲು. ನಗಬೇಕೋ ಬೇಡವೋ ತಿಳಿಯದೆ ತಲೆ ತಗ್ಗಿಸಿದಳು. ಅತ್ತೆಯ ಮುಖದಲ್ಲೂ ನಗು ಇರಲಿಲ್ಲ. ಮಡಿಲಲ್ಲಿದ್ದ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

"ಹೆಸರು ಇಟ್ಟಿದ್ದು ನಾನು ಚಿಲಕ ಹಾಕೋದಕ್ಕಾ?"

ಸುಳ್ಳು ಹೇಳಲು ಆಗಲಿಲ್ಲ. "ಹೌದು."

ತಂಗಿ ಜೀವನವಿಡೀ ಮೌನವನ್ನು ನಂಬಿದವಳು. ಆಡದೆ ಉಳಿದ ಮಾತು ಯಾರನ್ನೂ ನೋಯಿಸುವುದಿಲ್ಲ ಎಂದುಕೊಂಡವಳು. ಈ ಕೋಣೆಯ ಮೌನ ಮಾತ್ರ ಒದ್ದೆ ಬಟ್ಟೆಯ ಹಾಗೆ ಹೆಗಲ ಮೇಲೆ ಬಿದ್ದಿತ್ತು.

"ಬೀದಿ ಬಾಗಿಲು, ಹೊತ್ತು ಮುಳುಗಿದ ಮೇಲೆ ತೆಗೆದಿಡೋಕೆ ನನಗೆ ಭಯ," ಎಂದರು ಅತ್ತೆ. ಸ್ವಲ್ಪ ತಡೆದು, "ಬಡಿದ ತಕ್ಷಣ ತೆಗೀತಿದ್ದೆನಲ್ಲ," ಎಂದರು.

ಅಷ್ಟೇ ಹೇಳಿದ್ದು. ಬಡಿದ ತಕ್ಷಣ ತೆಗೆಯಬೇಕಾದರೆ ಯಾರಾದರೂ ಬಾಗಿಲ ಹತ್ತಿರವೇ ಕೂತಿರಬೇಕು. ದಿನವೂ. ಮುಕ್ಕಾಲಿಯ ಮೇಲೆ, ಬೆನ್ನಿಗೆ ಆಸರೆಯಿಲ್ಲದೆ. ತಂಗಿಗೆ ಅದು ಹೊಳೆದಾಗ, ಅಕ್ಕನಿಗೂ ಇದು ಎಂದೋ ಹೊಳೆದಿರಬೇಕು ಅನ್ನಿಸಿತು. ಬೆಂಚಿನ ತಮಾಷೆಯನ್ನು ಅವಳು ನಿಲ್ಲಿಸಿದ್ದು ಅದಕ್ಕೇ ಇರಬಹುದು.

"ಅಕ್ಕ ಸೋಮವಾರ ಆಸ್ಪತ್ರೆಗೆ ಬರಲ್ಲ ಅಂತಿದ್ದಾಳೆ," ಎಂದಳು. "ನಿಮಗೆ ಸಾಕಾಯ್ತು, ಅದಕ್ಕೇ ಹೋದ್ರಿ ಅಂದ್ಕೊಂಡಿದ್ದಾಳೆ."

ಅತ್ತೆ ಮೊದಲ ಸಲ ಅವಳ ಕಡೆ ತಿರುಗಿದರು. "ಹಾಗಂದಳಾ?"

"ಬೆಂಚಿನ ಮೇಲೆ ಒಬ್ಬಳೇ ಕೂರೋಕೆ ಆಗಲ್ಲ ಅಂದಳು."

ಅತ್ತೆ ಎದ್ದರು. ಮಂಡಿ ಹಿಡಿದುಕೊಂಡು, ಗೋಡೆಗೆ ಕೈ ಕೊಟ್ಟು, ಮೂಲೆಯಲ್ಲಿದ್ದ ಚೀಲ ಎತ್ತಿಕೊಂಡರು. ಅದರೊಳಗಿನ ಸೀರೆಗಳನ್ನು ಅವರು ಹೊರಗೆ ತೆಗೆದೇ ಇರಲಿಲ್ಲ. "ಇವತ್ತಿನ ಮಾತ್ರೆ ತಗೊಂಡಳಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಪ್ಪಲಿ ಹುಡುಕಿದರು.

"ನಾನೇನು ಇಲ್ಲೇ ಇರ್ಲಾ?" ಎಂದರು ಚಿಕ್ಕತ್ತೆ. "ನನ್ನ ತಗ್ಗಿಸೋರು ಯಾರು ಹಾಗಾದ್ರೆ?"

ಮನೆಯಲ್ಲಿ ಅಂದು ಯಾರು ಯಾರಿಗೆ ಏನು ಹೇಳಿದರೋ ತಂಗಿಗೆ ಗೊತ್ತಿಲ್ಲ. ಅವಳು ಬೀದಿಯಲ್ಲೇ ನಿಂತಿದ್ದಳು. ಅತ್ತೆ ಒಳಗೆ ಹೋಗುವುದು ಕಂಡಿತು, ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿತು. ಬಡಿದುಕೊಳ್ಳುತ್ತಿದ್ದ ಬಾಗಿಲು ನಿಂತಿತು.

ಸೋಮವಾರ ಬೆಳಿಗ್ಗೆ ಆಸ್ಪತ್ರೆಯ ಕೋಣೆ ಬೆಳಕಾಗಿತ್ತು. ಅಕ್ಕ ದಿಂಬಿಗೆ ಒರಗಿದ್ದಳು, ಬಣ್ಣ ಮಾಸಿದ ಹಸಿರು ಅಂಗಿ ಅವಳಿಗೆ ದೊಡ್ಡದಾಗಿತ್ತು. ಅತ್ತೆ ಪಕ್ಕದಲ್ಲಿ ಮುಕ್ಕಾಲಿ ಎಳೆದುಕೊಂಡು ಅವಳ ಕೈ ಹಿಡಿದು ಕೂತಿದ್ದರು. ಇಬ್ಬರೂ ಮಾತಾಡುತ್ತಿರಲಿಲ್ಲ. ಚಿಕ್ಕತ್ತೆ ಆಚೆ ಹಾಸಿಗೆಯವರ ರೋಗ, ಮಕ್ಕಳು, ಮನೆ ಎಲ್ಲವನ್ನೂ ಆಗಲೇ ವಿಚಾರಿಸಿ ಮುಗಿಸಿದ್ದರು.

ನರ್ಸು ತಟ್ಟೆ ಹಿಡಿದು ಬಂದಳು. "ಅಮ್ಮ, ಈ ಕೈ ಸ್ವಲ್ಪ ಬಿಡಿ. ಸೂಜಿ ಹಾಕಬೇಕು."

ಅತ್ತೆಗೆ ಕೇಳಿಸಿದಂತೆ ಕಾಣಲಿಲ್ಲ.

"ಅಮ್ಮ?"

"ಬಿಡಲ್ಲ ಸಿಸ್ಟರ್ ಅವರು," ಎಂದಳು ಅಕ್ಕ ಕಣ್ಣು ಮುಚ್ಚಿಕೊಂಡೇ. "ಮದ್ದು ಹಾಕಿದ್ರೂ ಬಿಡಲ್ಲ."

ಬಾಗಿಲಲ್ಲಿ ನಿಂತಿದ್ದ ತಂಗಿ ಅತ್ತೆಯ ಕಡೆ ನೋಡಿದಳು. ಅತ್ತೆ ಸೊಸೆಯ ಮುಖವನ್ನು ನೋಡಿದರು. ತುಟಿಯ ಒಂದು ಕೊನೆ ಸ್ವಲ್ಪ ಅಲುಗಿತು. ಆಮೇಲೆ ಹಿಡಿದಿದ್ದ ಕೈಯನ್ನು ಹಾಸಿಗೆಯ ಮೇಲೆ ಮೆಲ್ಲಗೆ ಇಟ್ಟು, ಎದ್ದು, ಮುಕ್ಕಾಲಿಯನ್ನು ಎಳೆಯುತ್ತ ಮಂಚವನ್ನು ಸುತ್ತಿಕೊಂಡು ಆಚೆ ಬದಿಗೆ ಹೋದರು. ಮಂಡಿನೋವಿನಿಂದ ಅಷ್ಟು ದೂರಕ್ಕೇ ಬಹಳ ಹೊತ್ತು ಹಿಡಿಯಿತು. ನರ್ಸು ಕಾದಳು. ಅತ್ತೆ ಕೂತು, ಅಕ್ಕನ ಇನ್ನೊಂದು ಕೈಯನ್ನು ಹಿಡಿದುಕೊಂಡರು.

ಸೂಜಿ ಹೋಯಿತು. ಮೇಲೆ ತೂಗುಹಾಕಿದ ಚೀಲದಿಂದ ಮದ್ದು ನಳಿಕೆಗೆ ಇಳಿಯತೊಡಗಿತು. ಆ ಮದ್ದು ಒಳಗೆ ಹೋಗಿ ಯಾರ ಕೈಯನ್ನು ಬಿಡಿಸುತ್ತದೆ, ಯಾರು ಅಷ್ಟಕ್ಕೂ ಜಗ್ಗದೆ ಕೂರುತ್ತಾರೆ ಎಂಬುದು ವಾರಗಳವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ತಂಗಿಗೆ ಅದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಪ್ರಯೋಗಾಲಯದಲ್ಲಿ ಕೋಶಗಳಿಗೆ ಹೊಸ ಪೋಷಕ ದ್ರವ ಹಾಕುವ ಹೊತ್ತಾಗಿತ್ತು. ಹೊರಟಳು.

"ಹೋಗೋವಾಗ ಬಾಗಿಲು ಮುಂದಕ್ಕೆ ಹಾಕ್ಕೊಂಡು ಹೋಗಮ್ಮ," ಎಂದರು ಅತ್ತೆ. ಅವಳು ಹಿಡಿಯ ಮೇಲೆ ಕೈಯಿಟ್ಟಾಗ ಮತ್ತೆ ಹೇಳಿದರು. "ಚಿಲಕ ಬೇಡ. ನಾನು ಇಲ್ಲೇ ಇರ್ತೀನಲ್ಲ."